ದೂರದ್ದು ಮೊದಲು

ಶಿವಮೊಗ್ಗ ಜಿಲ್ಲೆಗೆ ಕಡಲತೀರವಿಲ್ಲ. ಆದರೂ ಈ ನೆಲದ ಚರಿತ್ರೆಯಿಂದ ಬಂದರುಗಳನ್ನು ಬೇರೆ ಮಾಡಲು ಆಗುವುದಿಲ್ಲ. ಕೆಳದಿಯ ನಾಯಕರು ಇಕ್ಕೇರಿಯಲ್ಲಿ, ಆಮೇಲೆ ಬಿದನೂರಿನಲ್ಲಿ ಕೂತು ಹೊನ್ನಾವರ, ಭಟ್ಕಳ, ಬಸರೂರು, ಗಂಗೊಳ್ಳಿಗಳ ವ್ಯಾಪಾರದ ಮೇಲೆ ಕಣ್ಣಿಟ್ಟಿದ್ದರು. ಮಲೆನಾಡಿನ ಕಾಳುಮೆಣಸು ಘಟ್ಟ ಇಳಿದು ಹಡಗು ಹತ್ತುತ್ತಿತ್ತು. 17ನೇ ಶತಮಾನದ ನಡುವಿನಲ್ಲಿ ಶಿವಪ್ಪನಾಯಕ ಕರಾವಳಿಯ ಪೋರ್ಚುಗೀಸ್ ಕೋಟೆಗಳನ್ನು ವಶಮಾಡಿಕೊಂಡದ್ದರ ಹಿಂದೆಯೂ ಈ ವ್ಯಾಪಾರವಿತ್ತು. ಮುಂದೆ ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದಾಗ ಸಂಸ್ಥಾನಕ್ಕೆ ತನ್ನದೇ ಒಂದು ಬಂದರು ಬೇಕೆಂದು ಭಟ್ಕಳದತ್ತ ನೋಡಿದರು. ಅದು ಕೈಗೂಡಲಿಲ್ಲ. ಅವರು ಕಟ್ಟಿ ನಿಲ್ಲಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಮಾತ್ರ ನಮ್ಮ ಮನೆಯಂಥ ಸಾವಿರಾರು ಮನೆಗಳಿಗೆ ಅನ್ನ ಹಾಕಿತು.

ನಾನು ಬೆಳೆದದ್ದು ಆ ಕಾರ್ಖಾನೆಯ ನ್ಯೂಟೌನ್ ಕ್ವಾರ್ಟರ್ಸಿನಲ್ಲಿ. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು, ಭದ್ರಾ ನದಿಯ ನೀರು ಸೇರಿ 1923ರಲ್ಲಿ ಅಲ್ಲಿ ಮೊದಲ ಕಬ್ಬಿಣ ಕರಗಿತ್ತು. ಕೆಲಸ ಹುಡುಕಿಕೊಂಡು ದೇಶದ ನಾನಾ ಕಡೆಯಿಂದ ಜನ ಬಂದರು. ನಮ್ಮ ಸಾಲಿನಲ್ಲೇ ತಮಿಳರು, ತೆಲುಗರು, ಮಲಯಾಳಿಗಳು, ಮರಾಠಿಗಳು ಇದ್ದರು. ಮಕ್ಕಳಾದ ನಾವು ಒಂದು ಮನೆಯಲ್ಲಿ ಪುಟ್ಟು ತಿಂದು, ಇನ್ನೊಂದು ಮನೆಯಲ್ಲಿ ಪೊಂಗಲ್ ತಿಂದು, ಎಲ್ಲರ ಭಾಷೆಯನ್ನೂ ನಾಲ್ಕು ಮಾತಿನಷ್ಟು ಕಲಿತುಕೊಂಡೆವು. ಆ ನಾಲ್ಕು ಮಾತು ಎಷ್ಟೋ ವರ್ಷಗಳ ಮೇಲೆ, ಎಷ್ಟೋ ದೂರದ ಬಂದರಿನಲ್ಲಿ ನನ್ನ ಕೈ ಹಿಡಿದವು.

ಅಪ್ಪನಿಗೆ ಶಿಫ್ಟ್ ಕೆಲಸ. ವಾರದ ರಜೆ ಸಿಕ್ಕಿ, ಕೈಯಲ್ಲಿ ಒಂದಿಷ್ಟು ಚಿಲ್ಲರೆ ಉಳಿದಿದ್ದರೆ ನಮ್ಮನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಬೀರೂರಿನ ಕಡೆಯಿಂದ ಬರುವ ಮೀಟರ್‌ಗೇಜ್ ಪ್ಯಾಸೆಂಜರ್ ರೈಲು. ಹೋಗುವುದು ಇಪ್ಪತ್ತು ಕಿಲೋಮೀಟರ್ ಕೂಡ ಇಲ್ಲ. ಬೆಳಿಗ್ಗೆ ಇಳಿದರೆ ಸಂಜೆಯ ಗಾಡಿಗೆ ವಾಪಸ್ಸು. ನಡುವಿನ ಆ ಕೆಲವು ಗಂಟೆಗಳನ್ನು ಅಪ್ಪ ಬಳಸುತ್ತಿದ್ದ ರೀತಿಗೆ ಒಂದು ಶಿಸ್ತಿತ್ತು. ಇಳಿದ ತಕ್ಷಣ ಸ್ಟೇಷನ್ನಿನ ಬೋರ್ಡಿನ ಮುಂದೆ ನಿಂತು ವಾಪಸ್ಸು ಗಾಡಿಯ ವೇಳೆ ನೋಡಿಕೊಳ್ಳುವುದು. ಸ್ಟೇಷನ್ ಗಡಿಯಾರಕ್ಕೆ ತಮ್ಮ ಕೈಗಡಿಯಾರ ಸರಿಮಾಡಿಕೊಳ್ಳುವುದು. ಆಮೇಲೆ ಒಂದು ಮಾತು: “ದೂರದ್ದು ಮೊದಲು, ಹತ್ತಿರದ್ದು ಆಮೇಲೆ.” ಎಂದರೆ, ಮೊದಲು ತುಂಗೆಯವರೆಗೆ ನಡೆದುಬಿಡಬೇಕು. ಕೋಟೆ ಆಂಜನೇಯನ ಗುಡಿ, ಹೊಳೆಯ ಮೆಟ್ಟಿಲು, ಕೋರ್ಪಲಯ್ಯನ ಛತ್ರದ ಹತ್ತಿರ ನೀರಿನಲ್ಲಿ ನಿಂತ ಮಂಟಪ. ಮಳೆಗಾಲದಲ್ಲಿ ಆ ಮಂಟಪ ಮುಳುಗಿತೆಂದರೆ ತುಂಗೆ ತುಂಬಿದಳು ಎಂದು ಊರೇ ನೋಡಲು ಹೋಗುತ್ತದೆ, ಇಂದಿಗೂ. ಅಲ್ಲಿಂದ ಗಾಂಧಿ ಬಜಾರ್, ನೆಹರೂ ರಸ್ತೆ, ದುರ್ಗಿಗುಡಿ ಎಂದು ಸ್ಟೇಷನ್ನಿನ ಕಡೆಗೇ ಸರಿಯುತ್ತ ಬರುವುದು. ಹೊತ್ತು ಮೀರುತ್ತಿದೆ ಅನ್ನಿಸಿದರೆ ಹತ್ತಿರದ್ದನ್ನು ಬಿಡಬಹುದು, ಗಾಡಿ ಮಾತ್ರ ತಪ್ಪುವುದಿಲ್ಲ.

ಊಟಕ್ಕೂ ಅವರದೊಂದು ಲೆಕ್ಕವಿತ್ತು. ಹಮಾಲರು, ಲಾರಿಯವರು, ಅಂಗಡಿಯ ಹುಡುಗರು ಎಲ್ಲಿ ಉಣ್ಣುತ್ತಾರೋ ಅಲ್ಲಿ ಕೂರಬೇಕು. ಅಲ್ಲಿ ಅನ್ನ ಬಿಸಿಯಾಗಿರುತ್ತದೆ, ಸಾರು ಇನ್ನೊಮ್ಮೆ ಕೇಳಿದರೆ ಹಾಕುತ್ತಾರೆ. ದಾರಿ ಕೇಳುವುದಾದರೆ ನಮಗೆ ಏನನ್ನೂ ಮಾರಬೇಕಿಲ್ಲದವರನ್ನು ಕೇಳಬೇಕು: ಪೋಸ್ಟ್‌ಮ್ಯಾನ್, ಕಂಡಕ್ಟರ್, ಶಾಲೆಗೆ ಹೋಗುವ ಮಕ್ಕಳು. ಮತ್ತೆ, ಒಂದು ಸಲಕ್ಕೆ ಒಂದೇ ವಸ್ತುವನ್ನು ನಿಧಾನವಾಗಿ ನೋಡಬೇಕು. ಗಾಂಧಿ ಬಜಾರಿನಲ್ಲಿ ಕಂಚುಗಾರರ ಅಂಗಡಿಯ ಮುಂದೆ ಅಪ್ಪ ನಮ್ಮನ್ನು ನಿಲ್ಲಿಸಿ, ನೆಗ್ಗಿದ ಬಿಂದಿಗೆಯೊಂದು ಸುತ್ತಿಗೆಯ ಸಣ್ಣ ಸಣ್ಣ ಪೆಟ್ಟಿಗೆ ಮತ್ತೆ ದುಂಡಗಾಗುವುದನ್ನು ಮೊದಲಿನಿಂದ ಕೊನೆಯವರೆಗೆ ತೋರಿಸಿದ್ದು ನೆನಪಿದೆ. ಕೊಂಡದ್ದು ಏನೂ ಇಲ್ಲ. ಊರು ಮಾತ್ರ ನಮ್ಮದಾಗುತ್ತ ಹೋಯಿತು.

ಮುಂದೆ ಆ ಊರೇ ನನ್ನ ಊರಾಯಿತು. ಓದು ಮುಗಿಸಿ ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯಲು ಸೇರಿದವನು ನಿವೃತ್ತಿಯವರೆಗೂ ಅಲ್ಲೇ ಉಳಿದೆ. ಸರಕು, ಬೆಟ್ಟೆ, ರಾಶಿ ಇಡಿ, ಗೊರಬಲು ಎಂದು ಮೂಟೆಗಳನ್ನು ಬೇರೆ ಮಾಡುವುದನ್ನು ನೋಡುತ್ತ, ತೀರ್ಥಹಳ್ಳಿ, ಸಾಗರ, ಹೊಸನಗರದ ಬೆಳೆಗಾರರ ಮಾತು ಕೇಳುತ್ತ ವಯಸ್ಸು ಕಳೆಯಿತು. ಅಂಗೈಯಲ್ಲಿ ಸರಕು ಹಿಡಿದು ಬೆರಳಿನಲ್ಲಿ ಉರುಳಿಸಿ ಗುಣ ಹೇಳುವುದು ಅಲ್ಲಿ ಎಲ್ಲರಿಗೂ ಬರುತ್ತದೆ. ನನಗೂ ಬಂತು.

ನಿವೃತ್ತಿಯ ನಂತರ ಬೆಂಗಳೂರಿನಲ್ಲಿರುವ ಮಗಳು ನನಗೂ ಹೆಂಡತಿಗೂ ಮುಂಬೈಯಿಂದ ಹೊರಡುವ ಕ್ರೂಸ್ ಹಡಗಿನ ಟಿಕೆಟ್ ಮಾಡಿಸಿದಳು. ಗೋವಾ, ಕೊಚ್ಚಿ, ಲಕ್ಷದ್ವೀಪದ ದಾರಿ. ಹಡಗಿನಲ್ಲಿ ಊಟ, ನಿದ್ದೆ, ಆಟಪಾಟ ಎಲ್ಲ ಟಿಕೆಟ್ಟಿನಲ್ಲೇ ಸೇರಿದೆ. ಬಂದರಿನಲ್ಲಿ ಇಳಿದು ಊರು ನೋಡುವುದಕ್ಕೆ ಬೇರೆ ದುಡ್ಡು. ಎಸಿ ಬಸ್ಸು, ಗೈಡು, ಊಟ ಸೇರಿಸಿ ತಲೆಗಿಷ್ಟು ಎಂದು ಸಾವಿರಗಳಲ್ಲಿ ಬರೆದಿದ್ದ ಪಟ್ಟಿಯನ್ನು ನನ್ನ ಹೆಂಡತಿ ಓದಿ ಕೆಳಗಿಟ್ಟಳು. “ರೀ, ಗೋವಾದಲ್ಲಿ ಬಸ್ಸು ಓಡಲ್ವಾ?” ಎಂದಳು. ಅಷ್ಟೇ. ಅಲ್ಲಿಗೆ ನಮ್ಮ ಪ್ರಯಾಣದ ರೀತಿ ತೀರ್ಮಾನವಾಯಿತು.

ಹೀಗೆ ಸ್ವಂತವಾಗಿ ಇಳಿಯುವವರು ಕೆಲವು ಸಂಗತಿ ತಿಳಿದಿರಬೇಕು. ಹಡಗಿನವರೇ ಕರೆದುಕೊಂಡು ಹೋದ ಬಸ್ಸು ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ. ತಾನಾಗಿ ಹೋದವರಿಗೆ ಕಾಯುವುದಿಲ್ಲ. ಆದ್ದರಿಂದ ಇಳಿಯುವ ಮೊದಲು ಕೊನೆಯ ಹತ್ತುವ ವೇಳೆ ಯಾವುದು ಎಂದು ಕೇಳಿ ಬರೆದುಕೊಳ್ಳಬೇಕು. ವಿದೇಶಿ ದಾರಿಯಲ್ಲಿ ಹಡಗಿನ ಗಡಿಯಾರವೂ ಊರಿನ ಗಡಿಯಾರವೂ ಬೇರೆಯಾಗಿರಬಹುದು, ನಂಬಬೇಕಾದ್ದು ಹಡಗಿನದನ್ನು. ಹಡಗಿನ ಕಾರ್ಡು, ಫೋಟೋ ಇರುವ ಗುರುತಿನ ಚೀಟಿ ಎರಡೂ ಜೇಬಿನಲ್ಲಿರಬೇಕು, ಅವಿಲ್ಲದೆ ಬಂದರಿನ ಗೇಟಿನಲ್ಲಿ ಒಳಗೆ ಬಿಡುವುದಿಲ್ಲ. ಬಂದರೆಂದರೆ ಕ್ರೇನು, ಲಾರಿ, ಕಾವಲು ಇರುವ ಜಾಗ. ಹಡಗಿನ ಬುಡದಿಂದ ಗೇಟಿನವರೆಗೇ ಬಹಳ ದೂರವಿರುವುದುಂಟು, ಆ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಬೇಕು. ಗೇಟಿನ ಮುಂದೆ ನಿಂತ ಟ್ಯಾಕ್ಸಿಗಳ ದರ ಕೇಳಿ ಗಾಬರಿಯಾಗದೆ ರಸ್ತೆಯ ತಿರುವಿನವರೆಗೆ ನಡೆದರೆ ಊರಿನವರು ಹತ್ತುವ ಬಸ್ಸು ಅಥವಾ ಆಟೋ ಸಿಗುತ್ತದೆ. ಇದರಲ್ಲಿ ಹೊಸದೇನೂ ನನಗೆ ಕಾಣಲಿಲ್ಲ. ಶಿವಮೊಗ್ಗ ಸ್ಟೇಷನ್ನಿನ ಬೋರ್ಡಿನ ಮುಂದೆ ಕಲಿತದ್ದೇ ಇಲ್ಲಿಗೂ ಬಂತು.

ಗೋವಾದಲ್ಲಿ ಹಡಗು ನಿಂತದ್ದು ಮುರಗಾಂವ್ ಬಂದರಿನಲ್ಲಿ. ಅಲ್ಲಿಂದ ವಾಸ್ಕೋ ಬಸ್‌ಸ್ಟ್ಯಾಂಡಿಗೆ ಬಂದು ಪಣಜಿಯ ಶಟಲ್ ಬಸ್ಸಿಗೆ ಕೌಂಟರಿನಲ್ಲಿ ಟಿಕೆಟ್ ಪಡೆದೆವು. ಬಸ್ಸಿನ ಮೈಮೇಲೆ ‘ಕದಂಬ’ ಎಂದು ಬರೆದಿತ್ತು. ಗೋವಾದ ಸರ್ಕಾರಿ ಸಾರಿಗೆಯ ಹೆಸರೇ ಅದು. ಗೋವಾವನ್ನು ಆಳಿದ ಕದಂಬರ ಮೂಲ ಹುಡುಕುತ್ತ ಹೋದರೆ ಬನವಾಸಿಗೂ, ನಮ್ಮ ಶಿಕಾರಿಪುರ ತಾಲ್ಲೂಕಿನ ತಾಳಗುಂದಕ್ಕೂ ಬಂದು ನಿಲ್ಲಬೇಕು. ಮಯೂರಶರ್ಮನ ಕಥೆಯನ್ನು ಕಲ್ಲಿನಲ್ಲಿ ಕೆತ್ತಿದ ಕಂಬ ತಾಳಗುಂದದ ಪ್ರಣವೇಶ್ವರ ಗುಡಿಯ ಮುಂದಿದೆ. ಕಿಟಕಿ ಪಕ್ಕ ಕೂತ ಹೆಂಡತಿಗೆ ಇದನ್ನು ಹೇಳುತ್ತ ಜುವಾರಿ ಹೊಳೆ ದಾಟಿದೆ. ಪಣಜಿಯಿಂದ ಇನ್ನೊಂದು ಬಸ್ಸಿಗೆ ಹಳೇ ಗೋವಾ ಹತ್ತು ಕಿಲೋಮೀಟರ್. ಬೊಂ ಜೇಸು ಬಸಿಲಿಕಾದ ಗಾರೆಯಿಲ್ಲದ ಕೆಂಪು ಜಂಬಿಟ್ಟಿಗೆ ಗೋಡೆ ನೋಡಿದರೆ ಮಲೆನಾಡಿನವರಿಗೆ ಪರಕೀಯ ಅನ್ನಿಸುವುದೇ ಇಲ್ಲ, ಅದೇ ಕಲ್ಲಿನಲ್ಲಿ ನಮ್ಮ ಕಡೆ ಮನೆ ಕಟ್ಟುತ್ತಾರೆ. ದೂರದ ಹಳೇ ಗೋವಾ ಮೊದಲು, ಪಣಜಿಯ ಮಾರುಕಟ್ಟೆ ಆಮೇಲೆ, ಕೊನೆಗೆ ಹಡಗಿನ ಹತ್ತಿರದ ವಾಸ್ಕೋದಲ್ಲಿ ಚಹಾ. ಇಬ್ಬರ ಖರ್ಚೂ ಸೇರಿ 500 ರೂಪಾಯಿ ದಾಟಲಿಲ್ಲ.

ಲಕ್ಷದ್ವೀಪದಲ್ಲಿ ಹೀಗೆ ಅಲೆಯುವ ಮಾತಿಲ್ಲ. ಅಲ್ಲಿಗೆ ಹೋಗಲು ಪರವಾನಗಿ ಬೇಕು. ದೊಡ್ಡ ಹಡಗು ದೂರದಲ್ಲಿ ನಿಲ್ಲುತ್ತದೆ, ಸಣ್ಣ ದೋಣಿಗಳಲ್ಲಿ ದಡಕ್ಕೆ ಕರೆದೊಯ್ಯುತ್ತಾರೆ. ಅಷ್ಟು ಸಣ್ಣ ದ್ವೀಪ, ಅಷ್ಟು ಕಡಿಮೆ ಸಿಹಿನೀರು. ಅಲ್ಲಿ ಆ ಕಟ್ಟುಪಾಡು ಇರಬೇಕಾದ್ದೇ.

ನನ್ನ ಮನಸ್ಸು ತುಂಬಿದ್ದು ಕೊಚ್ಚಿಯಲ್ಲಿ. ಅಲ್ಲಿ ಹಡಗು ನಿಲ್ಲುವುದು ವಿಲ್ಲಿಂಗ್ಡನ್ ದ್ವೀಪದಲ್ಲಿ. ಅದು ನಿಸರ್ಗ ಕೊಟ್ಟ ದ್ವೀಪವಲ್ಲ. 1920ರಲ್ಲಿ ಬಂದ ಇಂಜಿನಿಯರ್ ರಾಬರ್ಟ್ ಬ್ರಿಸ್ಟೋ ಅವರ ಕಾಲದಲ್ಲಿ, ಬಂದರಿಗಾಗಿ ಹಿನ್ನೀರಿನ ತಳದಿಂದ ತೋಡಿದ ಮಣ್ಣನ್ನೇ ಸುರಿದು ಕಟ್ಟಿದ ನೆಲ. ಭದ್ರಾವತಿಯಲ್ಲಿ ಕುಲುಮೆ ಹೊತ್ತಿದ ದಶಕವೇ ಅದು. ಅಲ್ಲಿಂದ ಫೋರ್ಟ್ ಕೊಚ್ಚಿಗೆ, ಮಟ್ಟಾಂಚೇರಿಗೆ ನೀರಿನ ಮೇಲೇ ಹೋಗಬಹುದು. ಕೇರಳದ ಜಲಸಾರಿಗೆ ಇಲಾಖೆಯ ಬೋಟು, ಟಿಕೆಟ್ಟು ಹತ್ತು ರೂಪಾಯಿಯ ಒಳಗೆ. 2023ರ ಏಪ್ರಿಲ್‌ನಲ್ಲಿ ಶುರುವಾದ ವಾಟರ್ ಮೆಟ್ರೋ ಕೂಡ ಈಗ ಫೋರ್ಟ್ ಕೊಚ್ಚಿಗೆ ಹೋಗುತ್ತದೆ, ಹವಾನಿಯಂತ್ರಿತ, ಅಚ್ಚುಕಟ್ಟು. ನಾವು ಹಳೇ ಬೋಟನ್ನೇ ಹತ್ತಿದೆವು. ಆಫೀಸಿಗೆ ಹೋಗುವವರು, ಮೀನಿನ ಬುಟ್ಟಿಯವರು, ಕಾಲೇಜಿನ ಹುಡುಗಿಯರು. ಪಕ್ಕದಲ್ಲಿ ಕೂತ ಅಮ್ಮನವರನ್ನು ಕ್ವಾರ್ಟರ್ಸಿನಲ್ಲಿ ಕಲಿತ ಮಲಯಾಳದಲ್ಲಿ “ಚೇಚಿ” ಎಂದು ಕರೆದು ಮಟ್ಟಾಂಚೇರಿಗೆ ಎಲ್ಲಿ ಇಳಿಯಬೇಕು ಎಂದು ಕೇಳಿದೆ. ಅವರು ತಾವು ಇಳಿಯುವ ಜೆಟ್ಟಿ ಬಂದಾಗ ನಮ್ಮನ್ನು ಇನ್ನೊಬ್ಬರಿಗೆ ಒಪ್ಪಿಸಿ ಇಳಿದರು.

ಮಟ್ಟಾಂಚೇರಿ ಅರಮನೆಯ ಪ್ರವೇಶಕ್ಕೆ ಕೆಲವೇ ರೂಪಾಯಿ. 16ನೇ ಶತಮಾನದಲ್ಲಿ ಪೋರ್ಚುಗೀಸರು ಕಟ್ಟಿ ಕೊಚ್ಚಿಯ ರಾಜನಿಗೆ ಕೊಟ್ಟದ್ದು, ಡಚ್ಚರು ಆಮೇಲೆ ದುರಸ್ತಿ ಮಾಡಿದ್ದು. ಒಳಗೆ ಗೋಡೆಯ ತುಂಬ ರಾಮಾಯಣದ ಚಿತ್ರಗಳು. ಶುಕ್ರವಾರ ಅದಕ್ಕೆ ರಜೆ. ಹತ್ತಿರದ, 1568ರ ಯಹೂದ್ಯರ ಪ್ರಾರ್ಥನಾ ಮಂದಿರವನ್ನು ಶನಿವಾರ ಪ್ರವಾಸಿಗರಿಗೆ ತೆರೆಯುವುದಿಲ್ಲ. ಹಡಗು ಯಾವ ವಾರ ಅಲ್ಲಿ ನಿಲ್ಲುತ್ತದೆ ಎಂದು ಮನೆಯಲ್ಲೇ ನೋಡಿಕೊಂಡರೆ ಬಾಗಿಲು ಮುಟ್ಟಿ ಹಿಂದಿರುಗುವುದು ತಪ್ಪುತ್ತದೆ.

ಆದರೆ ನನಗೆ ಕೊಚ್ಚಿ ತೆರೆದುಕೊಂಡದ್ದು ಬಜಾರ್ ರಸ್ತೆಯಲ್ಲಿ. ಹಿನ್ನೀರಿಗೆ ಬೆನ್ನು ಕೊಟ್ಟು ನಿಂತ ಹಳೆಯ ಗೋದಾಮುಗಳು, ಒಳಗೆ ಶುಂಠಿ, ಅಕ್ಕಿ, ಮೆಣಸಿನ ಮೂಟೆ. ಒಂದು ಗೋದಾಮಿನ ಬಾಗಿಲಲ್ಲಿ ನನ್ನ ವಯಸ್ಸಿನವರೊಬ್ಬರು ಮೊನಚಾದ ಕಬ್ಬಿಣದ ಕೊಳವೆಯನ್ನು ಚೀಲಕ್ಕೆ ಚುಚ್ಚಿ ಎಳೆದರು. ಕೊಳವೆಯ ಟೊಳ್ಳಿನಲ್ಲಿ ಜಾರಿ ಬಂದ ಕಾಳುಮೆಣಸು ಅವರ ಅಂಗೈ ತುಂಬಿತು. ಅವರು ಎರಡೂ ಕೈ ಸೇರಿಸಿ ಉಜ್ಜಿ, ಬಾಯಿಂದ ಊದಿದರು. ಹಗುರವಾದ ಜೊಳ್ಳು, ಸಿಪ್ಪೆ ಹಾರಿತು. ಗಟ್ಟಿ ಕಾಳು ಉಳಿಯಿತು. ಅವರು ನನ್ನ ಕಡೆ ನೋಡಿ ಕೈ ಚಾಚಿದರು. ನಾನೂ ಒಂದು ಹಿಡಿ ತೆಗೆದುಕೊಂಡು ಬೆರಳಿನ ನಡುವೆ ಉರುಳಿಸಿದೆ. ಮಂಡಿಯಲ್ಲಿ ಅಡಿಕೆಗೆ ಮಾಡುವ ಹಾಗೆಯೇ. ಅವರ ಮುಖ ಬದಲಾಯಿತು. ಎಲ್ಲಿಯವರು ಎಂದು ಕೇಳಿದರು.

“ಶಿವಮೊಗ್ಗ” ಎಂದಳು ನನ್ನ ಹೆಂಡತಿ.

“ಶಿಮೋಗ! ಅಡಕ್ಕ!” ಎಂದು ಅವರು ನಕ್ಕು ಒಳಗೆ ಕರೆದರು.

ಅರ್ಧ ಮಲಯಾಳ, ಅರ್ಧ ಹಿಂದಿ, ನಡುವೆ ಅವರ ಪಾಲುದಾರರ ಕೊಂಕಣಿ. ನಾನು ಸಾಗರದ ವ್ಯಾಪಾರಿಗಳಿಂದ ಕೇಳಿಸಿಕೊಂಡಿದ್ದ ಕೊಂಕಣಿ ಅಲ್ಲಿ ಕೆಲಸಕ್ಕೆ ಬಂತು. ಆ ಪಾಲುದಾರರ ಹಿರಿಯರು ಪೋರ್ಚುಗೀಸರ ಕಾಲದಲ್ಲಿ ಗೋವಾ ಬಿಟ್ಟು ಬಂದವರು. ಹಾಗೆ ಬಂದವರು ಕಟ್ಟಿಕೊಂಡ ತಿರುಮಲ ದೇವಸ್ವಂ ಗುಡಿ ಮಟ್ಟಾಂಚೇರಿಯಲ್ಲೇ ಇದೆ. ಒಂದು ಲೋಟ ನೀರಿಗೆ ಹಿಡಿ ಮೆಣಸು ಹಾಕಿ, ತೇಲಿದ್ದೆಷ್ಟು, ಮುಳುಗಿದ್ದೆಷ್ಟು ಎಂದು ತೋರಿಸಿದರು. ವಿದೇಶದ ಮೆಣಸು ಬಂದು ಇಲ್ಲಿನ ಬೆಲೆ ಬೀಳಿಸುವುದನ್ನು ಹೇಳಿದರು, ನಾನು ಅಡಿಕೆಯ ಕಥೆ ಹೇಳಿದೆ. ಚಹಾ ತರಿಸಿದರು. ಎರಡೂ ಮಂಡಿಗಳಲ್ಲಿ ಬೆಳೆಗಾರನ ಕಷ್ಟ ಒಂದೇ ಎಂದು ನಾವು ಒಪ್ಪಿಕೊಂಡಾಗ ಅಲ್ಲಿ ಪ್ರವಾಸಿ ಎನ್ನುವವನು ಉಳಿದಿರಲಿಲ್ಲ. ಎದ್ದು ಹೊರಡುವಾಗ ಅವರು ಗಡಿಯಾರ ನೋಡಿ, ಮುಂದಿನ ಬೋಟಿನ ವೇಳೆ ಹೇಳಿ, ನಮ್ಮ ಜೊತೆ ಜೆಟ್ಟಿಯವರೆಗೂ ಬಂದರು.

ಹಡಗಿಗೆ ಮರಳಿದ ಮೇಲೆ ಬಹಳ ಹೊತ್ತು ಯೋಚಿಸಿದೆ. ದುಡ್ಡು ಹೆಚ್ಚಿದ್ದರೆ ನಾವು ಆ ಬೋಟು ಹತ್ತುತ್ತಿರಲಿಲ್ಲ. ಎಸಿ ಬಸ್ಸು ಆ ರಸ್ತೆಯಲ್ಲಿ ನಿಲ್ಲುತ್ತಿರಲಿಲ್ಲ. ಹಿತಮಿತವಾಗಿ ಖರ್ಚು ಮಾಡುವವನು ಊರಿನವರ ದಾರಿಯಲ್ಲೇ ಹೋಗಬೇಕಾಗುತ್ತದೆ. ಅವರು ಹತ್ತುವ ಗಾಡಿ, ಅವರು ಉಣ್ಣುವ ಜಾಗ, ಅವರು ಕೊಳ್ಳುವ ಸಂತೆ. ಅಲ್ಲಿ ಅವನು ಕೇಳಲೇಬೇಕು, ಕೇಳಿದವನಿಗೆ ಉತ್ತರ ಕೊಡುವವರು ಇದ್ದೇ ಇರುತ್ತಾರೆ. ಹಣ ಉಳಿಯಿತೆಂಬುದು ಸಣ್ಣ ಲಾಭ. ಊರಿನವರು ನಮ್ಮನ್ನು ತಮ್ಮ ಪಕ್ಕದಲ್ಲಿ ಕೂರಿಸಿಕೊಂಡರಲ್ಲ, ಅದು ದೊಡ್ಡದು. ನಾವು ಕೊಟ್ಟ ನಾಲ್ಕು ಕಾಸೂ ನೇರವಾಗಿ ಬೋಟಿಗೆ, ಮೆಸ್ಸಿಗೆ, ಬೀದಿಯ ಹೆಂಗಸಿನ ಬಾಳೆಹಣ್ಣಿಗೆ ಹೋಯಿತು.

ಬಂದರಿನಲ್ಲಿ ಇಳಿದು ಒಳನಾಡು ನೋಡಬೇಕೆಂಬ ಹಂಬಲ ಹಳೆಯದು. ಇಟಲಿಯ ಪಿಯೆತ್ರೋ ದೆಲ್ಲಾ ವಾಲೆ 1623ರಲ್ಲಿ ಗೋವಾದಿಂದ ಸಮುದ್ರದ ಮೇಲೆ ಹೊನ್ನಾವರಕ್ಕೆ ಬಂದು, ಗೇರುಸೊಪ್ಪೆಯ ದಾರಿ ಹಿಡಿದು ಘಟ್ಟ ಹತ್ತಿ, ವೆಂಕಟಪ್ಪನಾಯಕನ ಇಕ್ಕೇರಿಗೆ ಬಂದ. ರಾಯಭಾರಿಗಳ ಜೊತೆಗೆ ಬಂದವನಾದರೂ ಅವನ ಕಣ್ಣು ದರ್ಬಾರಿಗೆ ಮಾತ್ರ ಅಂಟಿಕೊಳ್ಳಲಿಲ್ಲ. ದಾರಿಯ ಗುಡಿಯೊಂದರ ಜಗಲಿಯಲ್ಲಿ ನಾಲ್ವರು ಹುಡುಗರು ನೆಲದ ಮೇಲೆ ಮರಳು ಹರಡಿ, ಬೆರಳಿನಿಂದ ಬರೆಯುತ್ತ, ರಾಗವಾಗಿ ಹೇಳುತ್ತ ಲೆಕ್ಕ ಕಲಿಯುವುದನ್ನು ಅವನು ನಿಂತು ನೋಡಿದ, ವಿವರವಾಗಿ ಬರೆದಿಟ್ಟ. ಆ ಕಾಲದ ನಮ್ಮ ಮಕ್ಕಳು ಹೇಗೆ ಕಲಿಯುತ್ತಿದ್ದರು ಎಂದು ಇಂದು ತಿಳಿಯಬೇಕಾದರೆ ಅವನ ಬರಹಕ್ಕೇ ಹೋಗಬೇಕು. ಅರಸನ ಆತಿಥ್ಯಕ್ಕಿಂತ ಆ ಜಗಲಿ ಮುಖ್ಯ ಅನ್ನಿಸಿದ ಪ್ರವಾಸಿ ಅವನು.

ಹೊರಗಿನವನೊಬ್ಬ ನಿಂತು ನೋಡಲು ನಮ್ಮ ಊರಿನಲ್ಲಿ ಇಂದು ಎಷ್ಟು ಅವಕಾಶವಿದೆ ಎಂಬುದೇ ಈಗ ನನ್ನ ಚಿಂತೆ. ಶಿವಮೊಗ್ಗಕ್ಕೆ ರೈಲು ಬಂದು ನೂರಕ್ಕೂ ಹೆಚ್ಚು ವರ್ಷವಾಯಿತು. 2023ರ ಫೆಬ್ರುವರಿಯಲ್ಲಿ ಸೋಗಾನೆಯ ಕುವೆಂಪು ವಿಮಾನ ನಿಲ್ದಾಣವೂ ಉದ್ಘಾಟನೆಯಾಯಿತು. ಆದರೆ ಇಳಿದವರಲ್ಲಿ ಹೆಚ್ಚಿನವರು ಕಾರು ಹತ್ತಿ ನೇರ ಜೋಗಕ್ಕೋ ಆಗುಂಬೆಗೋ ಹೊರಟುಬಿಡುತ್ತಾರೆ. ಊರು ಅವರಿಗೆ ಕಿಟಕಿಯಾಚೆ ಸರಿದುಹೋಗುವ ಟ್ರಾಫಿಕ್ಕು. ಭದ್ರಾವತಿಯನ್ನಂತೂ ನಿಂತು ನೋಡುವವರೇ ಇಲ್ಲ. ಅಲ್ಲಿನ ಕಾಗದದ ಕಾರ್ಖಾನೆ ಕೆಲಸ ನಿಲ್ಲಿಸಿದೆ. ಕಬ್ಬಿಣದ ಕಾರ್ಖಾನೆಯನ್ನು ಉಳಿಸಿಕೊಳ್ಳಲು ಕಾರ್ಮಿಕರು ಬೀದಿಗಿಳಿದು ಹೋರಾಡಿದ್ದಾರೆ. ಹಾಗಿದ್ದೂ ಆ ಊರಿನ ನಡುವೆ ಹೊಯ್ಸಳರ ಲಕ್ಷ್ಮೀನರಸಿಂಹ ದೇವಾಲಯ ಮೂರು ಗರ್ಭಗುಡಿಗಳೊಂದಿಗೆ, ನಕ್ಷತ್ರದ ಮೂಲೆಗಳೊಂದಿಗೆ ನಿಂತಿದೆ. ಬೇಲೂರಿಗೆ ಹೋಗಲಾಗದವನೂ ಹೊಯ್ಸಳ ಶಿಲ್ಪಿಯ ಕೈಯನ್ನು ಇಲ್ಲಿ ಹತ್ತಿರದಿಂದ ನೋಡಬಹುದು.

ಮೊಮ್ಮಗಳ ಗೆಳತಿಯರು ರಜೆಯಲ್ಲಿ ಬಂದಾಗ ನಾನು ಅವರನ್ನು ಹೀಗೇ ಸುತ್ತಿಸುತ್ತೇನೆ. ಬೆಳಿಗ್ಗೆ ಬಸ್ಸಿನಲ್ಲಿ ಭದ್ರಾವತಿ: ದೇವಾಲಯ, ಹೊಳೆಯ ಸೇತುವೆ, ಕಾರ್ಖಾನೆಯ ಹೊರರಸ್ತೆ. ಅಲ್ಲಿ ಊಟ. ಮಧ್ಯಾಹ್ನ ಶಿವಮೊಗ್ಗಕ್ಕೆ ವಾಪಸ್ಸು ಬಂದು ಶಿವಪ್ಪನಾಯಕ ಅರಮನೆಯ ವಸ್ತುಸಂಗ್ರಹಾಲಯದ ಮರದ ಕಂಬಗಳು, ಅಂಗಳದ ವೀರಗಲ್ಲು, ಮಾಸ್ತಿಕಲ್ಲುಗಳು. ಕೋಟೆ, ತುಂಗೆ, ಬಿಸಿಲು ಇಳಿದ ಮೇಲೆ ಗಾಂಧಿ ಬಜಾರ್. ಇನ್ನೂ ಅರ್ಧ ದಿನವಿದ್ದರೆ ತುಂಗೆ, ಭದ್ರೆ ಕೂಡುವ ಕೂಡ್ಲಿ. ತಲೆಗೆ ಕೆಲವು ನೂರು ರೂಪಾಯಿಯಲ್ಲಿ ಒಂದು ಜಿಲ್ಲೆಯ ಒಳಮನೆ ಕಾಣುತ್ತದೆ.

ಊರಿನವರಾದ ನಾವು ಮಾಡಬೇಕಾದ್ದೂ ಇದೆ. ರೈಲ್ವೆ ಸ್ಟೇಷನ್ನಿನ ಹೊರಗೂ ಬಸ್‌ಸ್ಟ್ಯಾಂಡಿನಲ್ಲೂ, ಕೋಟೆಗೆ, ಭದ್ರಾವತಿ ದೇವಾಲಯಕ್ಕೆ, ಕೂಡ್ಲಿಗೆ ಯಾವ ಬಸ್ಸು, ಎಷ್ಟು ಹೊತ್ತು, ಎಷ್ಟು ದರ ಎಂದು ಬರೆದ ಒಂದು ಸ್ಪಷ್ಟ ಫಲಕ ಬೇಕು. ಚೀಲ ಇಟ್ಟು ಹೋಗಲು ನಂಬಿಕೆಯ ಕೋಣೆ ಬೇಕು. ರಜೆಯ ವಾರ ಯಾವುದು ಎಂದು ಪ್ರತಿ ಬಾಗಿಲಿನಲ್ಲೂ ದೊಡ್ಡದಾಗಿ ಬರೆದಿರಬೇಕು. ಇದಕ್ಕೆ ಕೋಟಿಗಟ್ಟಲೆ ಬೇಕಿಲ್ಲ. ಅದಕ್ಕೂ ಮೊದಲು, ನಿಮ್ಮ ಮನೆಗೆ ಬಂದ ನೆಂಟರು ಜೋಗಕ್ಕೆ ಕಾರು ಹೇಳಲು ಕೇಳಿದರೆ, ಹೊರಡುವ ಮೊದಲಿನ ನಾಲ್ಕು ಗಂಟೆಯನ್ನು ಊರಿಗಾಗಿ ಕೇಳಿ ಇಸಿದುಕೊಳ್ಳಿ. ಜೊತೆಗೆ ನೀವೇ ನಡೆಯಿರಿ. ಗಾಂಧಿ ಬಜಾರಿನಲ್ಲಿ ಯಾವುದಾದರೊಂದು ಅಂಗಡಿಯ ಮುಂದೆ ಅವರನ್ನು ಸಾಕಷ್ಟು ಹೊತ್ತು ನಿಲ್ಲಿಸಿ. ಉಳಿದದ್ದನ್ನು ಅಂಗಡಿಯವರು ನೋಡಿಕೊಳ್ಳುತ್ತಾರೆ.